ಇಪ್ಪತ್ತೊಂದನೇ ಸ್ವಾಮಿ ಎಲ್ಲಿ ಹೋದರು?

ಹಳೆಯ ಹಸ್ತಪ್ರತಿಗಳ ಸಮೀಕ್ಷೆ, ಸ್ಕ್ಯಾನಿಂಗ್ ನಡೆಸುತ್ತಿರುವ ಅಧಿಕಾರಿಗಳಿಗೆ, ಧರ್ಮಗ್ರಂಥ ಅಚ್ಚು ಹಾಕಿಸುವ ಮಠ, ಟ್ರಸ್ಟು, ಪ್ರಕಾಶಕರಿಗೆ, ಮತ್ತು ಹಾಸನ, ಚಿಕ್ಕಮಗಳೂರು ಕಡೆ ಅಟ್ಟದ ಮೇಲೋ ದೇವರ ಗೂಡಿನಲ್ಲೋ ಓಲೆಗರಿಯ ಕಟ್ಟು ಇಟ್ಟುಕೊಂಡಿರುವ ಎಲ್ಲರಿಗೂ ನಮಸ್ಕಾರ.

ನಾನು ಹಾಸನದವಳು. ಮೂವತ್ತು ವರ್ಷ ಇದೇ ಊರಿನ ಅಚ್ಚುಕೂಟಗಳಲ್ಲಿ ಕರಡು ತಿದ್ದಿದ್ದೇನೆ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದೆ. ಡಿಟಿಪಿ ಬಂದು, ಅದೂ ಹಳೆಯದಾಗುವ ತನಕ ಇದ್ದೆ. ಮದುವೆ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಇವುಗಳ ನಡುವೆ ಧರ್ಮದ ಪುಸ್ತಕಗಳೂ ಬರುತ್ತಿದ್ದವು. ಸ್ತೋತ್ರ, ಪುರಾಣ, ವಚನ, ನಿತ್ಯಪಾಠ. ಅವುಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಹೆಸರುಗಳು. ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಕೆಲವು ಸಲ ಒಂದೇ ಪುಟದಲ್ಲಿ ಎರಡು ಥರ.

ನನ್ನ ವಿನಂತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಗ್ರಂಥದಲ್ಲಿ ಹೆಸರು ಹೇಗಿದೆಯೋ ಹಾಗೆ ಉಳಿಸಿ. ತಿದ್ದಲೇಬೇಕು ಅನ್ನಿಸಿದರೆ ತಿದ್ದಿ, ಆದರೆ ಮೊದಲು ಏನಿತ್ತು ಅನ್ನುವುದನ್ನು ಅದೇ ಪುಟದ ಕೆಳಗೆ ಬರೆದಿಡಿ. ಸದ್ದಿಲ್ಲದೆ ತಿದ್ದಬೇಡಿ. ಸದ್ದಿಲ್ಲದೆ ತಿದ್ದಿ ಏನಾಯಿತು ಅಂತ ನನಗೆ ಗೊತ್ತು, ಯಾಕೆಂದರೆ ಹಾಗೆ ತಿದ್ದಿದವಳು ನಾನೇ.

ಸುಮಾರು ವರ್ಷಗಳ ಹಿಂದಿನ ಮಾತು. ಜೈನರ ಇಪ್ಪತ್ನಾಲ್ಕು ತೀರ್ಥಂಕರರ ಸ್ತುತಿಯ ಚಿಕ್ಕ ಪುಸ್ತಕವೊಂದು ನಮ್ಮಲ್ಲಿಗೆ ಅಚ್ಚಿಗೆ ಬಂತು. ಚನ್ನರಾಯಪಟ್ಟಣದ ಕಡೆಯ ಒಂದು ಕುಟುಂಬದವರು ಮನೆಯಲ್ಲಿದ್ದ ಓಲೆಗರಿ ನೋಡಿ ಕೈಯಲ್ಲಿ ಬರೆದುಕೊಂಡು ಬಂದಿದ್ದರು. ಬರವಣಿಗೆಯಲ್ಲಿ ದೀರ್ಘಗಳು ಅಲ್ಲಲ್ಲಿ ಬಿಟ್ಟುಹೋಗಿದ್ದವು. ‘ದೆವ’ ಅಂತಿದ್ದರೆ ‘ದೇವ’ ಮಾಡಿದೆ, ‘ಲೊಕ’ ಅಂತಿದ್ದರೆ ‘ಲೋಕ’ ಮಾಡಿದೆ. ಅದು ಸರಿಯಾಗೇ ಇತ್ತು. ಹಾಗೇ ಹೋಗ್ತಾ ಹೋಗ್ತಾ ‘ನಮಿ’ ಅಂತ ಸಿಕ್ಕಿತು. ಇದೂ ಬಿಟ್ಟುಹೋದ ಗುಣಿತವೇ ಅಂದುಕೊಂಡೆ. ನೇಮಿನಾಥ ನನಗೆ ಗೊತ್ತಿದ್ದ ಹೆಸರು. ‘ನಮಿ’ ಅನ್ನುವುದನ್ನು ಕೇಳಿರಲಿಲ್ಲ. ಕೆಂಪು ಇಂಕಿನಲ್ಲಿ ಒಂದು ಗೆರೆ ಎಳೆದು ‘ನೇಮಿ’ ಮಾಡಿದೆ. ಸಾವಿರ ಪ್ರತಿ ಅಚ್ಚಾಯಿತು.

ಪುಸ್ತಕ ಹೋದ ಮೂರನೇ ದಿನ ಆ ಮನೆಯ ಹುಡುಗ ವಾಪಸ್ ಬಂದ. ಅವನ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವನು ಓದುವುದು, ಅವರು ಬೆರಳ ಗೆಣ್ಣು ಎಣಿಸುವುದು ರೂಢಿ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಎರಡು ಕೈಗೆ ಇಪ್ಪತ್ನಾಲ್ಕು. ಒಂದೊಂದು ಗೆಣ್ಣಿಗೆ ಒಬ್ಬೊಬ್ಬ ಸ್ವಾಮಿ. ಎರಡನೇ ಕೈಯ ನಡುಬೆರಳಿನ ಮೂರನೇ ಗೆಣ್ಣಿಗೆ ಬಂದಾಗ ಹೆಬ್ಬೆರಳು ನಿಂತಿತಂತೆ.

‘ಇನ್ನೊಂದ್ ಸಲ ಓದು ಮಗಾ.’

ಅವನು ಓದಿದ. ‘ನೇಮಿ.’

‘ಅದರ ಮುಂದಿಂದು?’

‘ನೇಮಿ.’

‘ಇವರು ಶಂಖದ ಸ್ವಾಮಿ. ನೈದಿಲೆ ಸ್ವಾಮಿ ಎಲ್ಲಿ ಹೋದ್ರು?’

ಇಪ್ಪತ್ತೊಂದನೆಯವರು ನಮಿನಾಥ, ಲಾಂಛನ ನೀಲಿ ನೈದಿಲೆ. ಇಪ್ಪತ್ತೆರಡನೆಯವರು ನೇಮಿನಾಥ, ಲಾಂಛನ ಶಂಖ. ಇಬ್ಬರೂ ಬೇರೆ ಬೇರೆ. ನನ್ನ ಒಂದು ಗೆರೆಯಿಂದ ಒಬ್ಬ ತೀರ್ಥಂಕರರು ಪುಸ್ತಕದಿಂದಲೇ ಕಾಣೆಯಾಗಿದ್ದರು. ಉಳಿದ ಪ್ರತಿಗಳಿಗೆ ಚೀಟಿ ಅಂಟಿಸಿದೆವು. ಅಷ್ಟರಲ್ಲಿ ಹಂಚಿಹೋಗಿದ್ದವು ಹಂಚಿಹೋಗಿದ್ದವೇ. ಇವತ್ತಿಗೂ ಯಾವುದೋ ಮನೆಯಲ್ಲಿ ಯಾರೋ ಅದನ್ನು ಓದುತ್ತಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ.

ಒಂದು ಭಾನುವಾರ ಆ ಮನೆಗೆ ಹೋದೆ. ಕ್ಷಮೆ ಕೇಳಬೇಕಿತ್ತು, ಓಲೆಯನ್ನೂ ನೋಡಬೇಕಿತ್ತು. ಅಜ್ಜಿ ಕಾಫಿ ಕೊಡಿಸಿ, ಕಟ್ಟನ್ನು ಹೊರಗೆ ತರಿಸಿದರು. ಮೇಲೆ ಕೆಳಗೆ ಮರದ ಪಟ್ಟಿ, ನಡುವೆ ತೂತಿನಲ್ಲಿ ದಾರ. ಕಂಟದಿಂದ, ಅಂದರೆ ಕಬ್ಬಿಣದ ಮೊನೆಯಿಂದ, ಕೊರೆದ ಅಕ್ಷರಗಳಿಗೆ ತುಂಬಿದ್ದ ಕಾಡಿಗೆ ಬಹಳ ಕಡೆ ಉದುರಿಹೋಗಿತ್ತು. ನೇರವಾಗಿ ನೋಡಿದರೆ ಬರೀ ಗರಿ. ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಅಕ್ಷರ ಎದ್ದು ಬರುತ್ತದೆ. ಹುಡುಗ ಹಿಡಿದ, ನಾನು ಓದಿದೆ. ಮೊದಲು ‘ನಮಿ’. ಅದರ ಮುಂದೆ ‘ನೆಮಿ’. ದೀರ್ಘ ಇಲ್ಲ. ಒಂದು ಸಣ್ಣ ಕೊಂಡಿ ಇದ್ದರೆ ಒಬ್ಬ ಸ್ವಾಮಿ, ಇಲ್ಲದಿದ್ದರೆ ಇನ್ನೊಬ್ಬ ಸ್ವಾಮಿ. ಓಲೆ ಬರೆದವನು ಎರಡನ್ನೂ ಸರಿಯಾಗೇ ಬರೆದಿದ್ದ. ಅವನ ಕಾಲದ ಲಿಪಿಯಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು. ಒ, ಓಕಾರಕ್ಕೂ ಹಾಗೇ. ಓದುವವನಿಗೆ ಎಲ್ಲಿ ಎಳೆಯಬೇಕು ಅಂತ ಗೊತ್ತಿರುತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಅದೇ ಗರಿಯಲ್ಲಿ ಪಾರ್ಶ್ವನಾಥರು ‘ಪಾರಿಶ್ವ’ ಆಗಿದ್ದರು. ವರ್ಧಮಾನರು ‘ವರ್ದ್ಧಮಾನ’ ಆಗಿದ್ದರು. ಇವು ತಪ್ಪಲ್ಲ. ರೇಫದ, ಅಂದರೆ ‘ರ್’ ಅಕ್ಷರದ, ಮುಂದಿನ ಅಕ್ಷರವನ್ನು ಇಮ್ಮಡಿಸುವುದು ಹಳೆಯ ಕ್ರಮ. ಧರ್ಮ್ಮ, ಸರ್ವ್ವ ಅಂತ ನಮ್ಮ ಶಾಸನಗಳ ತುಂಬ ಇದೆ. ‘ಪಾರಿಶ್ವ’ ಅನ್ನುವುದು ಕನ್ನಡ ನಾಲಿಗೆ ಒತ್ತಕ್ಷರವನ್ನು ಬಿಡಿಸಿಕೊಂಡ ರೀತಿ. ಅದನ್ನು ಬರೆದವನು ಹೀಗೇ ಉಚ್ಚರಿಸುತ್ತಿದ್ದ ಅಂತ ನಮಗೆ ಗೊತ್ತಾಗುವುದು ಈ ಒಂದು ‘ಇ’ಕಾರದಿಂದ. ತಿದ್ದಿದರೆ ಆ ದನಿ ಹೋಯಿತು.

ಕೆಲವರು ಹೇಳುತ್ತಾರೆ, ದೇವರ ಹೆಸರು ಒಂದೇ ಥರ ಇರಬೇಕಮ್ಮ, ಎರಡು ಥರ ಇದ್ದರೆ ಭಕ್ತರಿಗೆ ಗೊಂದಲ ಅಂತ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಹಿಂದಿನವರು ಹಾಗೆ ಹೆದರಿರಲಿಲ್ಲ. ಜೈನರು ದಿನಾ ಹೇಳುವ ಣಮೋಕಾರ ಮಂತ್ರವನ್ನೇ ತೆಗೆದುಕೊಳ್ಳಿ. ‘ಣಮೋ ಅರಿಹಂತಾಣಂ’ ಅನ್ನುವವರಿದ್ದಾರೆ, ‘ಅರಹಂತಾಣಂ’ ಅನ್ನುವವರಿದ್ದಾರೆ, ‘ಅರುಹಂತಾಣಂ’ ಅನ್ನುವ ಪಾಠವೂ ಇದೆ. ಒಡಿಶಾದ ಉದಯಗಿರಿಯಲ್ಲಿ ಕಳಿಂಗದ ರಾಜ ಖಾರವೇಲನ ಹಾಥಿಗುಂಫಾ ಶಾಸನ ಶುರುವಾಗುವುದು ‘ನಮೋ ಅರಹಂತಾನಂ’ ಅಂತ. ಅಲ್ಲಿ ಣಕಾರವೇ ಇಲ್ಲ. ದಿಗಂಬರ ಜೈನರ ಹಳೆಯ ಆಗಮ ಗ್ರಂಥ ಷಟ್ಖಂಡಾಗಮ ಶುರುವಾಗುವುದು ಇದೇ ಮಂತ್ರದಿಂದ. ಅದಕ್ಕೆ ಧವಳಾ ಟೀಕೆ ಬರೆದು 816ರಲ್ಲಿ ಮುಗಿಸಿದ ವೀರಸೇನಾಚಾರ್ಯರು ಒಂದನ್ನು ಹಿಡಿದು ಇನ್ನೊಂದನ್ನು ಹೊಡೆದುಹಾಕಲಿಲ್ಲ. ಅರಿ ಅಂದರೆ ಶತ್ರು, ಒಳಗಿನ ಶತ್ರುವನ್ನು ಕೊಂದವರು ಅರಿಹಂತರು. ಪೂಜೆಗೆ ಅರ್ಹರಾದವರು ಅರ್ಹಂತರು. ಎರಡಕ್ಕೂ ಅರ್ಥ ಹೇಳಿದರು. ‘ಅರುಹಂತ’ಕ್ಕೆ ಮತ್ತೆ ಮೊಳೆಯದವರು, ಅಂದರೆ ಮರುಹುಟ್ಟು ಇಲ್ಲದವರು ಅಂತ ಅರ್ಥ ಮಾಡುತ್ತಾರೆ. ಒಂದು ಸ್ವರ ಬದಲಾದರೆ ಒಂದು ಅರ್ಥ ಜಾಸ್ತಿ ಸಿಕ್ಕಿತು. ಮಂತ್ರದ ಮೊದಲ ಸಾಲಿನಲ್ಲೇ ಇಷ್ಟು ಜಾಗ ಬಿಟ್ಟುಕೊಟ್ಟ ಪರಂಪರೆ ಇದು. ನಾವು ಯಾಕೆ ಇಷ್ಟು ಅವಸರ ಮಾಡಬೇಕು?

ನಮ್ಮ ಜಿಲ್ಲೆಯಲ್ಲೇ ಕಣ್ಣಮುಂದೆ ಒಂದು ಸಾಕ್ಷಿ ಇದೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದವರು ಗೊಮ್ಮಟನ ಮುಖ ನೋಡಿ ಕೈಮುಗಿದು ಇಳಿದುಬಿಡುತ್ತಾರೆ. ಪಾದದ ಬಳಿ ಇರುವ ಸಾಲುಗಳನ್ನು ನೋಡಿದವರು ಕಡಿಮೆ. ಕನ್ನಡದಲ್ಲಿ ‘ಶ್ರೀ ಚಾಮುಣ್ಡರಾಜಂ ಮಾಡಿಸಿದಂ’ ಅಂತಿದೆ. ನಾಗರಿ ಲಿಪಿಯ ಸಾಲಿನಲ್ಲಿ ‘ಶ್ರೀ ಚಾವುಣ್ಡರಾಜೇಂ ಕರವಿಯಲೇಂ’ ಅಂತಿದೆ. ವಿಗ್ರಹ ಒಂದೇ, ಮಾಡಿಸಿದವನೂ ಒಬ್ಬನೇ, ಗಂಗರ ಮಂತ್ರಿ ಚಾವುಂಡರಾಯ. ಒಂದು ಕಡೆ ‘ಮು’, ಇನ್ನೊಂದು ಕಡೆ ‘ವು’. ಇವುಗಳಲ್ಲಿ ಯಾವುದು ತಪ್ಪು ಅಂತ ಉಳಿ ಹಿಡಿದು ತಿದ್ದುತ್ತೀರಾ? ಕಲ್ಲಿನ ಮೇಲೆ ನಾವು ಮಾಡದ ಕೆಲಸವನ್ನು ಪುಸ್ತಕದಲ್ಲಿ ದಿನಾ ಮಾಡುತ್ತಿದ್ದೇವೆ. 978ರಲ್ಲಿ ಅವನು ಬರೆದ ಪುರಾಣಕ್ಕೆ ಒಬ್ಬರು ‘ಚಾವುಂಡರಾಯ ಪುರಾಣ’ ಅಂತ ಹಾಕುತ್ತಾರೆ, ಇನ್ನೊಬ್ಬರು ‘ಚಾಮುಂಡರಾಯ ಪುರಾಣ’ ಅಂತ ಹಾಕುತ್ತಾರೆ. ಒಂದರ ಸೂಚಿಯಲ್ಲಿ ಇನ್ನೊಂದರ ಸುಳಿವೂ ಇರುವುದಿಲ್ಲ. ಒಂದು ಹೆಸರು ಗೊತ್ತಿದ್ದ ಹುಡುಗನಿಗೆ ಇನ್ನೊಂದು ಪುಸ್ತಕ ಸಿಗುವುದೇ ಇಲ್ಲ.

ಕಲ್ಲಿಗೂ ಓಲೆಗೂ ಒಂದು ವ್ಯತ್ಯಾಸ ಇದೆ. ಕಲ್ಲು ಅಲ್ಲೇ ಇರುತ್ತದೆ. ಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಮೊದಲು ಪ್ರಕಟಿಸಿದಾಗ ಇದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಮತ್ತೆ ತಂದಾಗ 573. ಒಬ್ಬರ ಓದಿನ ಬಗ್ಗೆ ಅನುಮಾನ ಬಂದರೆ ಇನ್ನೊಬ್ಬರು ಬೆಟ್ಟ ಹತ್ತಿ ಮತ್ತೆ ನೋಡಬಹುದು. ಓಲೆಗೆ ಆ ಭಾಗ್ಯ ಇಲ್ಲ. ಹುಳ ತಿನ್ನುತ್ತದೆ, ಗೆದ್ದಲು ಹತ್ತುತ್ತದೆ, ಮನೆ ಬದಲಿಸುವಾಗ ಹೊಳೆಗೆ ಬಿಡುತ್ತಾರೆ. ಆಮೇಲೆ ಉಳಿಯುವುದು ನಾವು ಅಚ್ಚು ಹಾಕಿದ್ದು ಮಾತ್ರ. ನಾವು ‘ಪಾರ್ಶ್ವ’ ಅಂತ ಹಾಕಿದರೆ ಓಲೆಯಲ್ಲೂ ‘ಪಾರ್ಶ್ವ’ ಅಂತಲೇ ಇತ್ತು ಅಂತ ಮುಂದಿನವರು ನಂಬುತ್ತಾರೆ.

ಗೊಮ್ಮಟನ ಹೆಸರಿನದೇ ಒಂದು ದೊಡ್ಡ ಕಥೆ. ಗೊಮ್ಮಟ, ಗೋಮಟ, ಗುಮ್ಮಟ, ಗೊಮ್ಮಟೇಶ್ವರ, ಗೋಮಟೇಶ್ವರ, ಗುಮ್ಮಟನಾಥ. ಬೆಳಗೊಳದ ದಾರಿಯಲ್ಲಿ ಅಂಗಡಿ, ಲಾಡ್ಜುಗಳ ಬೋರ್ಡು ನೋಡಿಕೊಂಡು ಹೋದರೂ ಸಾಕು, ಇವುಗಳಲ್ಲಿ ಮೂರು ನಾಲ್ಕಾದರೂ ಸಿಗುತ್ತವೆ. ಇದು ಹೇಗಾಯಿತು? ಒಂದು ಕಾರಣ ಬಹಳ ಸರಳ. ನಾಗರಿ ಲಿಪಿಯಲ್ಲಿ ಹ್ರಸ್ವ ‘ಒ’ ಬರೆಯಲು ಬೇರೆ ಅಕ್ಷರ ಇಲ್ಲ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ ಉತ್ತರದಲ್ಲಿ ಅಚ್ಚಾದಾಗ ‘ಗೋಮ್ಮಟಸಾರ’ ಆಯಿತು. ಅದನ್ನು ನೋಡಿಕೊಂಡು ಮತ್ತೆ ಕನ್ನಡಕ್ಕೆ ತಂದವರು ಆ ದೀರ್ಘವನ್ನೂ ಜೊತೆಗೇ ತಂದರು. ನಮ್ಮ ಅಕ್ಷರ ನಮ್ಮ ಮನೆಗೇ ಬೇರೆ ಬಟ್ಟೆ ಹಾಕಿಕೊಂಡು ಬಂತು. ಹಾಗಂತ ‘ಗೋಮಟ’ವನ್ನೆಲ್ಲ ಹೊಡೆದುಹಾಕಿ ಅನ್ನುತ್ತಿಲ್ಲ. ಆ ರೂಪ ಎಲ್ಲಿಂದ ಬಂತು, ಯಾವ ಪುಸ್ತಕದಲ್ಲಿದೆ ಅಂತ ಬರೆದಿಡಿ ಅನ್ನುತ್ತಿದ್ದೇನೆ.

ಯಾಕೆಂದರೆ ಅಕ್ಷರದ ಮೇಲೆ ದೊಡ್ಡ ದೊಡ್ಡ ವಾದಗಳೇ ನಿಂತಿವೆ. ನೇಮಿಚಂದ್ರರು ಚಾವುಂಡರಾಯನನ್ನು ‘ಗೊಮ್ಮಟರಾಯ’ ಅಂತ ಕರೆದಿದ್ದಾರೆ. ಗೊಮ್ಮಟ ಅನ್ನುವುದು ಚಾವುಂಡರಾಯನದೇ ಮನೆಯ ಹೆಸರು, ಅವನ ದೇವರು ಗೊಮ್ಮಟೇಶ್ವರ ಅಂತ ಎ.ಎನ್. ಉಪಾಧ್ಯೆ ವಾದಿಸಿದರು. ಮನ್ಮಥ ಅನ್ನುವ ಮಾತೇ ಪ್ರಾಕೃತದಲ್ಲಿ ಸವೆದು ಸವೆದು ಗೊಮ್ಮಟ ಆಯಿತು ಅಂತ ಮಂಜೇಶ್ವರದ ಗೋವಿಂದ ಪೈಗಳು ಹೇಳಿದರು. ಯಾರು ಸರಿ ಅನ್ನುವುದನ್ನು ಪಂಡಿತರು ನೋಡಿಕೊಳ್ಳಲಿ. ಆದರೆ ಇಬ್ಬರೂ ಆಧಾರಕ್ಕೆ ಹೋಗಿದ್ದು ಹಳೆಯ ರೂಪಗಳಿಗೆ. ಯಾರೋ ನನ್ನಂಥ ಕರಡು ತಿದ್ದುವವಳು ಎಲ್ಲವನ್ನೂ ‘ಗೊಮ್ಮಟೇಶ್ವರ’ ಅಂತ ಒಂದೇ ಅಚ್ಚಿಗೆ ಹಾಕಿಬಿಟ್ಟಿದ್ದರೆ ಅವರಿಗೆ ವಾದ ಮಾಡಲು ಏನು ಉಳಿಯುತ್ತಿತ್ತು?

ಧವಳ ಅನ್ನುವ ಹೆಸರೂ ಹಾಗೇ. ನಾವು ಹೇಳುವುದು ಧವಳ, ಉತ್ತರದವರು ಬರೆಯುವುದು ಧವಲಾ. ನಮ್ಮ ಓಲೆಗಳಲ್ಲಿ ಕಮಲ ಕಮಳ ಆಗುತ್ತದೆ, ಧವಲ ಧವಳ ಆಗುತ್ತದೆ. ಆ ಗ್ರಂಥದ ಓಲೆಗಳು ಉಳಿದದ್ದು ಮೂಡಬಿದಿರೆಯಲ್ಲಿ, ಅದೂ ಹಳೆಯ ಕನ್ನಡ ಲಿಪಿಯಲ್ಲಿ. ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟ ತಂದಾಗ ಕೈಯಲ್ಲಿದ್ದದ್ದು ಪ್ರತಿಯ ಪ್ರತಿಗಳು. ಅದರ 93ನೇ ಸೂತ್ರ ಓದುವಾಗ ಅಲ್ಲಿ ‘ಸಂಜದ’ (ಸಂಯತ, ಅಂದರೆ ಸಂಯಮಿ) ಅನ್ನುವ ಪದ ಇರಬೇಕಿತ್ತು, ಬಿಟ್ಟುಹೋಗಿದೆ ಅಂತ ಸಂಪಾದಕರಿಗೆ ಅನ್ನಿಸಿತು. ಅವರು ಅದನ್ನು ಸುಮ್ನೆ ಒಳಗೆ ತುರುಕಲಿಲ್ಲ. ಮೇಲೆ ಪ್ರತಿಯಲ್ಲಿದ್ದ ಹಾಗೇ ಬಿಟ್ಟು, ಕೆಳಗೆ ಇಲ್ಲಿ ‘ಸಂಜದ’ ಬಿಟ್ಟುಹೋದಂತೆ ತೋರುತ್ತದೆ ಅಂತ ಟಿಪ್ಪಣಿ ಹಾಕಿದರು. ಆ ಒಂದು ಪದದ ಮೇಲೆ ದೊಡ್ಡ ವಾದವೇ ನಡೆಯಿತು. ಆಮೇಲೆ ಮೂಡಬಿದಿರೆಯ ಓಲೆ ತೆಗೆದು ನೋಡಿದರೆ ‘ಸಂಜದ’ ಅಲ್ಲಿತ್ತು. ಅವರು ಮೊದಲೇ ಒಳಗೆ ಸೇರಿಸಿಬಿಟ್ಟಿದ್ದರೆ ಯಾರೂ ಓಲೆ ತೆಗೆದು ನೋಡುತ್ತಿರಲಿಲ್ಲ. ಅವರೇ ಸೇರಿಸಿದ್ದಾರೆ ಅನ್ನುವ ಆಪಾದನೆಯೂ ಹೋಗುತ್ತಿರಲಿಲ್ಲ. ಕರಡು ತಿದ್ದುವ ಕೆಲಸದಲ್ಲಿ ಇಷ್ಟು ಪ್ರಾಮಾಣಿಕವಾದ ಒಂದು ಸಾಲನ್ನು ನಾನು ಬೇರೆ ಕಂಡಿಲ್ಲ.

ಇದು ಜೈನರ ಗ್ರಂಥಗಳ ವಿಷಯ ಮಾತ್ರ ಅಂದುಕೊಳ್ಳಬೇಡಿ. ಚಿಕ್ಕಮಗಳೂರಿನಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ತವರು ಪ್ರಾಟೆಸ್ಟೆಂಟ್, ಗಂಡನ ಮನೆ ಕ್ಯಾಥೊಲಿಕ್. ಅವಳ ಮನೆಯಲ್ಲಿ ಎರಡು ಕನ್ನಡ ಬೈಬಲ್ ಇವೆ. ಒಂದರಲ್ಲಿ ‘ಯೋಹಾನ’, ಇನ್ನೊಂದರಲ್ಲಿ ‘ಯೊವಾನ್ನ’. ಮಗಳು ಚಿಕ್ಕವಳಿದ್ದಾಗ ಇವರಿಬ್ಬರೂ ಅಣ್ಣ ತಮ್ಮನಾ ಅಂತ ಕೇಳಿದ್ದಳಂತೆ. ಮಗುವಿಗೆ ಬಂದ ಪ್ರಶ್ನೆ ಸರಿಯಾಗೇ ಇದೆ, ಅಲ್ವಾ? ಪುಸ್ತಕದ ಕೊನೆಯಲ್ಲಿ ಒಂದು ಹೆಸರುಪಟ್ಟಿ ಇದ್ದಿದ್ದರೆ ಅವಳೇ ನೋಡಿಕೊಳ್ಳುತ್ತಿದ್ದಳು. ಇನ್ನೂ ಒಂದು ಸಂಗತಿ ಇದೆ. ಬಾಬಿಲೋನಿನ ರಾಜನ ಹೆಸರು ಹೀಬ್ರೂ ಮೂಲದಲ್ಲೇ ಎರಡು ಥರ ಬರುತ್ತದೆ. ದಾನಿಯೇಲನ ಗ್ರಂಥದಲ್ಲಿ ‘ನೆಬೂಕದ್ನೆಚ್ಚರ್’ ಅನ್ನುವಂತೆ ನಕಾರ. ಯೆಹೆಜ್ಕೇಲನ ಗ್ರಂಥದಲ್ಲಿ ‘ನೆಬೂಕದ್ರೆಚ್ಚರ್’ ಅನ್ನುವಂತೆ ರೇಫ. ಯೆರೆಮೀಯನ ಗ್ರಂಥದಲ್ಲಿ ಎರಡೂ ಬರುತ್ತವೆ. ಜನರಿಗೆ ರೂಢಿಯಾದದ್ದು ನಕಾರದ್ದು. ಆದರೆ ಆ ರಾಜನ ಕಾಲದ ಮಣ್ಣಿನ ಹಲಗೆಗಳು ಸಿಕ್ಕಿದಾಗ ಅವನ ಹೆಸರು ‘ನಬೂ ಕುದುರ್ರಿ ಉಸುರ್’ ಅಂತ ಗೊತ್ತಾಯಿತು. ರೇಫ ಇರುವ ರೂಪವೇ ಅದಕ್ಕೆ ಹತ್ತಿರ. ಹಿಂದಿನ ಲಿಪಿಕಾರರು ಇದು ಕೈತಪ್ಪು ಅಂತ ಒಂದನ್ನೇ ಉಳಿಸಿದ್ದರೆ ಎರಡೂವರೆ ಸಾವಿರ ವರ್ಷದ ಹಿಂದಿನ ಸರಿಯಾದ ದನಿ ಆ ಪುಟಗಳಿಂದ ಅಳಿಸಿಹೋಗುತ್ತಿತ್ತು.

ಕಡೂರು ತಾಲ್ಲೂಕಿನ ದೇವನೂರಿನವರಿಗೂ ಒಂದು ಮಾತು. ಲಕ್ಷ್ಮೀಶ ನಿಮ್ಮ ಊರಿನವನು ಅಂತ ನೀವು ಹೆಮ್ಮೆಯಿಂದ ಹೇಳುತ್ತೀರಿ. ಅವನ ಜೈಮಿನಿ ಭಾರತದ ಬಭ್ರುವಾಹನ ಇವತ್ತು ಎಷ್ಟು ಕಡೆ ‘ಬಬ್ರುವಾಹನ’ ಆಗಿದ್ದಾನೆ ನೋಡಿ. ಆಡುವ ಮಾತಿನಲ್ಲಿ ಮಹಾಪ್ರಾಣ ಬಿಟ್ಟುಹೋಗುವುದು ಸಹಜ, ನಾನೂ ಹಾಗೇ ಅನ್ನುತ್ತೇನೆ. ಗ್ರಂಥ ಅಚ್ಚು ಹಾಕುವಾಗ ಮಾತ್ರ ಯಾವ ಪ್ರತಿಯಲ್ಲಿ ಹೇಗಿದೆ ಅಂತ ನೋಡಬೇಕು.

ವಚನಗಳ ಕಡೆ ಬಂದರೆ ‘ಗುಹೇಶ್ವರ’, ‘ಗೊಹೇಶ್ವರ’ ಇದೆ, ‘ಚೆನ್ನ’, ‘ಚನ್ನ’ ಇದೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಅನ್ನುವುದಂತೂ ಇವತ್ತಿಗೂ ಬಿಸಿಯಾದ ವಾದ. ಅದರೊಳಗೆ ನಾನು ಹೋಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಯಾವ ಪ್ರತಿಯಲ್ಲಿ ‘ಜೇಡರ’ ಇದೆ, ಯಾವುದರಲ್ಲಿ ‘ದೇವರ’ ಇದೆ ಅನ್ನುವುದು ಅಚ್ಚಿನಲ್ಲಿ ಕಾಣಿಸಿದರೆ ತಾನೇ ವಾದ ಮಾಡುವವರಿಗೂ ನ್ಯಾಯ?

ಇದನ್ನು ಹೇಗೆ ಮಾಡುವುದು ಅನ್ನುವುದಕ್ಕೆ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಮಹಾಭಾರತದ ಕೆಲಸ ಶುರು ಮಾಡಿ 1966ರಲ್ಲಿ ಮುಗಿಸಿತು. 1259 ಹಸ್ತಪ್ರತಿ ನೋಡಿದರು. ಮೇಲೆ ಆರಿಸಿಕೊಂಡ ಪಾಠ, ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಪ್ರತಿಗಳ ಪಾಠ. ಎಷ್ಟೋ ಪುಟಗಳಲ್ಲಿ ಮೇಲಿನ ಶ್ಲೋಕಗಳಿಗಿಂತ ಕೆಳಗಿನ ಟಿಪ್ಪಣಿಯೇ ಜಾಸ್ತಿ. ಅಷ್ಟು ದೊಡ್ಡದು ಎಲ್ಲರ ಕೈಯಲ್ಲೂ ಆಗುವುದಿಲ್ಲ, ಗೊತ್ತು. ನಲವತ್ತು ಪುಟದ ನಿತ್ಯಪಾಠಕ್ಕೆ ಯಾರೂ ಅಡಿಟಿಪ್ಪಣಿ ಓದುವುದಿಲ್ಲ, ಅದೂ ಗೊತ್ತು. ಅಲ್ಲಿ ಓದಲು ಸುಲಭವಾದ ಒಂದು ರೂಪವೇ ಇರಲಿ. ಕೊನೆಯಲ್ಲಿ ಅರ್ಧ ಪುಟ ಸಾಕು. ಉದಾಹರಣೆಗೆ ನೇಮಿನಾಥ ಅಂತ ಬರೆದು, ಮುಂದೆ ನೇಮಿ, ಓಲೆಯಲ್ಲಿ ‘ನೆಮಿ’, ಅರಿಷ್ಟನೇಮಿ, ಪ್ರಾಕೃತದಲ್ಲಿ ರಿಟ್ಠಣೇಮಿ, ಇಪ್ಪತ್ತೆರಡನೆಯವರು, ಲಾಂಛನ ಶಂಖ ಅಂತ ಒಂದು ಸಾಲು. ಅದರ ಮೇಲಿನ ಸಾಲಿನಲ್ಲಿ ನಮಿನಾಥ, ಇಪ್ಪತ್ತೊಂದನೆಯವರು, ಲಾಂಛನ ನೈದಿಲೆ. ಇಷ್ಟು ಇದ್ದಿದ್ದರೆ ನನ್ನ ಕೆಂಪು ಇಂಕು ಅಲ್ಲೇ ನಿಲ್ಲುತ್ತಿತ್ತು. ಅಚ್ಚಿಗೆ ಹೋಗುವ ಮುಂಚೆ ಒಂದು ಸಲ ಬಸದಿಗೆ ದಿನಾ ಬರುವ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದಿಸಿ. ನಮ್ಮ ಕಣ್ಣು ತಪ್ಪಿಸಿಕೊಂಡದ್ದು ಅವರ ಕಿವಿಗೆ ಬೀಳುತ್ತದೆ.

ಈಗ ಅಧಿಕಾರಿಗಳಿಗೆ. 2025ರ ಕೇಂದ್ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಯೋಜನೆ ಪ್ರಕಟಿಸಿ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆ ಅಂತ ಹೇಳಿದ್ದೀರಿ. ಓದಿ ಬಹಳ ಖುಷಿಯಾಯಿತು. ಫೋಟೋ ಚೆನ್ನಾಗಿ ತೆಗೆಯುತ್ತೀರಿ ಅನ್ನುವ ನಂಬಿಕೆ ಇದೆ. ನನ್ನ ಆತಂಕ ಇರುವುದು ಪಟ್ಟಿಯ ಬಗ್ಗೆ. ಕಂಪ್ಯೂಟರಿನಲ್ಲಿ ‘ಗೊಮ್ಮಟ’ ಅಂತ ಹುಡುಕಿದರೆ ‘ಗೋಮಟ’ ಸಿಗುವುದಿಲ್ಲ. ‘ಚಾವುಂಡ’ ಅಂತ ಕೊಟ್ಟರೆ ‘ಚಾಮುಂಡ’ ಬರುವುದಿಲ್ಲ. ‘ವರ್ಧಮಾನ’ದ ಪಾಡು ಇನ್ನೂ ಕಷ್ಟ. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಹಾಕಿ ‘ವಧ೯ಮಾನ’ ಅಂತ ಟೈಪು ಮಾಡಿದ ಫೈಲುಗಳು ನಮ್ಮ ಡಿಟಿಪಿ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ನೋಡುವವರಿಗೆ ಎರಡೂ ಒಂದೇ. ಯಂತ್ರಕ್ಕೆ ಅದು ನಡುವೆ ಅಂಕಿ ಸಿಕ್ಕಿಕೊಂಡ ಏನೋ ಒಂದು. ಇಷ್ಟು ಖರ್ಚು ಮಾಡಿ ಸ್ಕ್ಯಾನ್ ಮಾಡಿದ ಗ್ರಂಥ ಹುಡುಕಿದಾಗ ಸಿಗದಿದ್ದರೆ ಅಟ್ಟದ ಮೇಲೆ ಇದ್ದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಆದ್ದರಿಂದ ನಿಮ್ಮ ನಮೂನೆಯಲ್ಲಿ ಹೆಸರಿಗೆ ಎರಡು ಕಾಲಂ ಇಡಿ. ಒಂದರಲ್ಲಿ ಓಲೆಯಲ್ಲಿ ಇರುವ ಹಾಗೆ, ಇಮ್ಮಡಿ ಅಕ್ಷರ, ಬಿಟ್ಟ ದೀರ್ಘ, ಎಲ್ಲ ಇದ್ದ ಹಾಗೇ. ಇನ್ನೊಂದರಲ್ಲಿ ಇವತ್ತಿನ ರೂಪ. ಹುಡುಕಿದಾಗ ಎರಡರಿಂದಲೂ ಅದೇ ಗ್ರಂಥ ಸಿಗಲಿ. ಓದಿ ಬರೆದವರು ಯಾರು, ಯಾವ ದಿನ ಬರೆದರು ಅಂತಲೂ ಇರಲಿ. ಅನುಮಾನ ಬಂದ ಅಕ್ಷರಕ್ಕೆ ಅನುಮಾನ ಅಂತಲೇ ಗುರುತು ಹಾಕಿ. ನಮಗೆ ಗೊತ್ತಾಗದಿದ್ದದ್ದು ಮುಂದೆ ಯಾರಿಗೋ ಗೊತ್ತಾಗಬಹುದು. ಫೋಟೋಗಳನ್ನು ಬೀಗ ಹಾಕಿ ಇಡಬೇಡಿ. ಅಚ್ಚಿನ ಅಕ್ಷರದ ಪಕ್ಕದಲ್ಲೇ ಗರಿಯ ಚಿತ್ರ ಕಂಡರೆ ತಪ್ಪು ಹಿಡಿಯುವ ಕಣ್ಣುಗಳು ಸಾವಿರ ಸಿಗುತ್ತವೆ.

ಹಳೆಯ ಲಿಪಿಕಾರರು ಕೊನೆಯ ಗರಿಯಲ್ಲಿ ಒಂದು ಮಾತು ಬರೆಯುತ್ತಿದ್ದರು. ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ.’ ಪುಸ್ತಕದಲ್ಲಿ ಹೇಗೆ ಕಂಡೆನೋ ಹಾಗೆ ಬರೆದಿದ್ದೇನೆ ಅಂತ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರ ಪ್ರತಿ ಅಂದರೆ ಎಷ್ಟು ಕೈ, ಎಷ್ಟು ಸೊಂಟನೋವು, ಎಷ್ಟು ದೀಪದ ಎಣ್ಣೆ! ಅಷ್ಟು ಕಷ್ಟಪಟ್ಟು ಕೊರೆದ ಅಕ್ಷರವನ್ನು ಕೂತಲ್ಲಿಂದ ಒಂದು ಗುಂಡಿ ಒತ್ತಿ, ಪುಸ್ತಕದ ಉದ್ದಕ್ಕೂ ಒಂದೇ ಏಟಿಗೆ ಬದಲಾಯಿಸುತ್ತೇವೆ. ನನ್ನ ಕೆಂಪು ಇಂಕಾದರೂ ಒಂದು ಸಲಕ್ಕೆ ಒಂದೇ ಅಕ್ಷರ ಕೆಡಿಸುತ್ತಿತ್ತು.

2018ರಲ್ಲಿ ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ಆಯಿತು. ಹನ್ನೆರಡು ವರ್ಷದ ಲೆಕ್ಕ ಹಿಡಿದರೆ ಮುಂದಿನದು 2030ಕ್ಕೆ. ಆ ಹೊತ್ತಿಗೆ ಹಾಸನದಲ್ಲಿ, ಚನ್ನರಾಯಪಟ್ಟಣದಲ್ಲಿ ಎಷ್ಟೋ ಹಳೆಯ ಪುಸ್ತಕಗಳು ಮತ್ತೆ ಅಚ್ಚಾಗುತ್ತವೆ, ಹೊಸವೂ ಬರುತ್ತವೆ. ಅವಸರದಲ್ಲೇ ತಪ್ಪುಗಳಾಗುವುದು. ಈಗಿನಿಂದಲೇ ಶುರು ಮಾಡಿದರೆ ಸಮಯ ಇದೆ.

ಮನೆಯಲ್ಲಿ ಕಟ್ಟು ಇಟ್ಟುಕೊಂಡಿರುವವರು ದಯವಿಟ್ಟು ಅದನ್ನು ಹೊಳೆಗೆ ಬಿಡಬೇಡಿ, ಗುಜರಿಗೆ ಹಾಕಬೇಡಿ. ಓದಲು ಬರದಿದ್ದರೂ ಪರವಾಗಿಲ್ಲ, ಸಮೀಕ್ಷೆಯವರು ಬಂದಾಗ ಬಿಚ್ಚಿ ತೋರಿಸಿ. ಪುಸ್ತಕ ಹಾಕಿಸುವವರು ಕರಡು ನೋಡಲು ಯಾರಾದರೂ ಬೇಕು ಅಂದರೆ ನನ್ನನ್ನು ಕರೆಯಿರಿ. ಮೊನ್ನೆ ತಾನೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದೇನೆ, ಈಗ ಚೆನ್ನಾಗಿ ಕಾಣುತ್ತದೆ. ದುಡ್ಡು ಬೇಡ. ಜೊತೆಗೆ ಮೂಲದ ಓಲೆಯನ್ನೋ ಅದರ ಫೋಟೋವನ್ನೋ ತಂದರೆ ಸಾಕು.

ಇತಿ,
ಹಾಸನದಿಂದ, ಒಬ್ಬ ಕರಡು ತಿದ್ದುವವಳು